ಮೂರನೆಯ ಕರೆ

"ಇನ್ನೊಂದ್ಸಲ ಹಾಕಿ," ಎಂದಳು ಇನ್ಸ್‌ಪೆಕ್ಟರಮ್ಮ.

ಚಾನೆಲ್ಲಿನ ಎಡಿಟರ್ ಗುಂಡಿ ಒತ್ತಿದ. ಬೆಳಗಿನಿಂದ ಅದೇ ತುಣುಕನ್ನು ಹಾಕಿ ಹಾಕಿ ಅವನ ಮುಖ ಹಿಂಡಿದ ಬಟ್ಟೆಯಂತಾಗಿತ್ತು.

ಪರದೆಯ ಮೇಲೆ ವಾರ್ತೆ ಅಕ್ಕ ಮತ್ತೆ ನೆಟ್ಟಗೆ ಕೂತಳು. ಒಂದು ಕೂದಲೂ ಚದುರಿಲ್ಲ. ಎದುರಿನ ಮೇಜಿನ ಮೇಲೆ ಸಕಲ ರೋಗದ ಟಾನಿಕ್ಕಿನ ಬಾಟಲಿಗಳ ಸಾಲು. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ 'ನೇರ ಪ್ರಸಾರ'. ಅಕ್ಕ ಟಾನಿಕ್ಕನ್ನು ಪುಟ್ಟ ಲೋಟಕ್ಕೆ ಸುರಿದುಕೊಂಡಳು, ಎತ್ತಿ ಕುಡಿದಳು, ನಕ್ಕಳು. ಮೊದಲ ಕರೆ ಬಂತು, ಮಾತಾಡಿದಳು. ಎರಡನೆಯದು ಬಂತು, ಅದಕ್ಕೂ ಮಾತಾಡಿದಳು. ಮೂರನೆಯ ಕರೆಯಲ್ಲಿ ಯಾರೋ ಮುದುಕಿಯ ದನಿ, "ಹಲೋ... ವಾರ್ತೆ ಅಕ್ಕನಾ?" ಎಂದಿತು.

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಇತ್ತು. ಕೈ ಮೇಜಿನ ಅಂಚನ್ನು ತಡಕಿತು. ಮೊದಲು ಬಾಟಲಿಗಳು ಉರುಳಿದವು, ಅವುಗಳ ಹಿಂದೆಯೇ ಅವಳು.

ಊರೆಲ್ಲ ನೋಡುತ್ತಿದ್ದಂತೆ ಇದು ನಡೆದದ್ದು ಮೊನ್ನೆ ಬೆಳಗ್ಗೆ. ಅಂದಿನಿಂದ ಅಕ್ಕ ಆಸ್ಪತ್ರೆಯಲ್ಲಿದ್ದಳು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು ಡಾಕ್ಟರು, ಆದರೆ ಕಣ್ಣು ಬಿಟ್ಟಿರಲಿಲ್ಲ.

"ನಿಲ್ಲಿಸಿ," ಎಂದಳು ಇನ್ಸ್‌ಪೆಕ್ಟರಮ್ಮ.

ಆ ಮುಖ ಅವಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಆ ಮುಖ ವಾರ್ತೆ ಓದಲು ಟಿವಿಯಲ್ಲಿ ಬಂದರೆ ಅಪ್ಪ ಮನೆಯವರೆಲ್ಲರ ಬಾಯಿ ಮುಚ್ಚಿಸುತ್ತಿದ್ದ. ಅಕ್ಕ ಹೇಳಿದ ಮೇಲೆ ಅದು ನಡೆದಿರಲೇಬೇಕು, ಎರಡು ಮಾತಿಲ್ಲ. ಅದೇ ಅಕ್ಕ ಟಾನಿಕ್ ಹಿಡಿದು ನಿಂತಾಗ ಅಮ್ಮ ಹಿಂದೆಮುಂದೆ ನೋಡದೆ ಒಂದು ಬಾಟಲಿ ತರಿಸಿಕೊಂಡಿದ್ದಳು. ಮೊನ್ನೆಯಿಂದ ಆ ಬಾಟಲಿಯನ್ನು ಕಿಟಕಿಯಾಚೆ ಇಟ್ಟು, ಗುಮ್ಮನನ್ನು ಕಂಡ ಮಗುವಿನಂತೆ ದೂರದಿಂದಲೇ ಇಣುಕುತ್ತಿದ್ದಳು.

ಆದರೆ ಅಮ್ಮ ಹೆದರಬೇಕಾಗಿರಲಿಲ್ಲ. ಇವತ್ತು ಬೆಳಗ್ಗೆ ಪ್ರಯೋಗಾಲಯದಿಂದ ಸುದ್ದಿ ಬಂದಿತ್ತು. ಬಾಟಲಿಯಲ್ಲಿ ವಿಷವಿಲ್ಲ. ಲೋಟದಲ್ಲೂ ಇಲ್ಲ. ಬೆಲ್ಲದ ನೀರಿಗೆ ಬಣ್ಣ ಹಾಕಿದಂಥ ಸರಕು, ಅಷ್ಟೇ. ಅಕ್ಕನ ರಕ್ತದಲ್ಲಿ ಸಿಕ್ಕಿದ್ದು ನಿದ್ದೆ ಮಾತ್ರೆ, ಅದೂ ಒಂದೆರಡಲ್ಲ.

ಹಾಗಾದರೆ ಅದು ಹೊಟ್ಟೆಗೆ ಹೋದದ್ದು ಹೇಗೆ? ಕ್ಯಾಮೆರಾ ಮುಂದೆ ಕೂರುವ ಮೊದಲು ಅಕ್ಕ ಬಿಸಿನೀರು ಬಿಟ್ಟು ಬೇರೇನೂ ಮುಟ್ಟುವವಳಲ್ಲ. ಆ ಬಿಸಿನೀರು ಅವಳದೇ ಸ್ಟೀಲ್ ಫ್ಲಾಸ್ಕಿನಲ್ಲಿ ಇರುತ್ತಿತ್ತು. ಮೊನ್ನೆಯಿಂದ ಆ ಫ್ಲಾಸ್ಕ್ ನಾಪತ್ತೆ.

"ಈ ಮುದುಕಿ ಯಾರು?" ಎಂದು ಕೇಳಿದಳು.

ಎಡಿಟರ್ ತಿರುಗಲಿಲ್ಲ. "ಯಾರೋ ವೀಕ್ಷಕರು ಮೇಡಂ. ಫೋನ್ ಮಾಡ್ತಾರಲ್ಲ."

"ಟೆಲಿಫೋನಿನವರನ್ನ ಕೇಳಿದ್ದೀನಿ. ಕಾರ್ಯಕ್ರಮ ನಡೀತಿದ್ದಾಗ ಈ ಕಟ್ಟಡಕ್ಕೆ ಹೊರಗಿನಿಂದ ಒಂದು ಕರೆಯೂ ಬಂದಿಲ್ಲ. ಒಂದೂ ಇಲ್ಲ. ಈಗ ಹೇಳಿ."

ಎಡಿಟರ್ ಕುರ್ಚಿಯಲ್ಲಿ ಹೊರಳಾಡಿದ. ಬಾಗಿಲ ಕಡೆ ನೋಡಿದ. ಅವನ ಕೆಲಸ ಇನ್ನೂ ಉಳಿದಿತ್ತು, ಚಾನೆಲ್ಲಿನ ಅರ್ಧ ಜನಕ್ಕೆ ಅದೂ ಉಳಿದಿರಲಿಲ್ಲ. ಅವನ ಭಯ ಅವಳಿಗೆ ಅರ್ಥವಾಗುತ್ತಿತ್ತು.

"ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ," ಎಂದಳು.

"ಕರೆಗಳೆಲ್ಲ ಸುಳ್ಳು ಮೇಡಂ." ಅವನ ದನಿ ಪಿಸುಮಾತಿಗೆ ಇಳಿಯಿತು. "ಹೊರಗಿನೋರು ಫೋನ್ ಮಾಡಿ ಏನಾದ್ರೂ ಅಂದ್ಬಿಟ್ರೆ? ಅದಕ್ಕೇ ಮೊದಲೇ ದನಿ ರೆಕಾರ್ಡ್ ಮಾಡಿ ಇಟ್ಟಿರ್ತೀವಿ. ಕೇಳೋದು ಇಂತಿಂಥ ಪ್ರಶ್ನೆ, ಅಕ್ಕ ಹೇಳೋದು ಇಂತಿಂಥ ಉತ್ತರ. ದುಡ್ಡು ಕೊಟ್ಟು ಪ್ರಸಾರದ ಹೊತ್ತನ್ನ ಕೊಂಡೋರ ಕಾರ್ಯಕ್ರಮ, ಅವರಿಗೆ ಬೇಕಾದ ಹಾಗೆ."

"ಎಲ್ಲ ಕರೆಗಳೂ?"

"ಎಲ್ಲವೂ."

ಅವಳು ಪರದೆಯತ್ತ ತಿರುಗಿದಳು. ಬಿದ್ದಿರುವ ಅಕ್ಕ, ಓಡಿಬರುತ್ತಿರುವ ಜನ, ಕೂಗಾಟ. "ಅಕ್ಕ ಬಿದ್ದ ಮೇಲಿನ ಶಬ್ದ ಕೇಳಿಸಿ. ಫೋನಿನ ದನಿ ಮಾತ್ರ. ಸ್ಟುಡಿಯೋ ಗಲಾಟೆ ಬೇಡ."

"ಅದರಲ್ಲಿ ಏನಿರುತ್ತೆ ಮೇಡಂ? ರೆಕಾರ್ಡ್ ಆಗಿರೋ ಮುದುಕಿ ಅವಳ ಪಾಡಿಗೆ ಅವಳು ಮಂಡಿನೋವು ಅಂತ ಹೇಳ್ತಾ ಹೋಗಿರ್ತಾಳೆ."

"ಅದನ್ನೇ ಕೇಳಿಸಿ."

ಅವನು ತುಣುಕನ್ನು ಸ್ವಲ್ಪ ಹಿಂದಕ್ಕೊಯ್ದು, ಒಂದೊಂದೇ ದನಿಯನ್ನು ಇಳಿಸುತ್ತಾ ಹೋದ. ಕೂಗಾಟ ಅಡಗಿತು. ಬಾಟಲಿ ಒಡೆದ ಸದ್ದು ಅಡಗಿತು. ಕೋಣೆಯಲ್ಲಿ ಬರೀ ಗುಂಯ್ ಎನ್ನುವ ಮೌನ ಉಳಿಯಿತು. ಇಬ್ಬರೂ ಮೈಯೆಲ್ಲ ಕಿವಿಯಾಗಿ ಕೂತರು.

"ಹಲೋ... ವಾರ್ತೆ ಅಕ್ಕನಾ?" ಎಂದಿತು ಮುದುಕಿಯ ದನಿ.

ಮೌನ.

ಆಮೇಲೆ ಅದೇ ಫೋನಿನಲ್ಲಿ, ಆದರೆ ಮುದುಕಿಯದಲ್ಲದ ದನಿಯಲ್ಲಿ, ಗಾಬರಿಬಿದ್ದ ಹೆಂಗಸೊಬ್ಬಳು ಉಸುರಿದಳು: "ಅಯ್ಯೋ! ಇಷ್ಟು ಬೇಗನಾ?"

ಎಡಿಟರ್ ಥಟ್ಟನೆ ಗುಂಡಿ ಒತ್ತಿ ನಿಲ್ಲಿಸಿದ.

"ರೆಕಾರ್ಡ್ ಆಗಿರೋ ಮುದುಕಿಗೆ ಅಕ್ಕ ಬಿದ್ದಿದ್ದು ಹೇಗೆ ಗೊತ್ತಾಯ್ತು?" ಎಂದಳು ಇನ್ಸ್‌ಪೆಕ್ಟರಮ್ಮ. "ಈ ದನಿ ಯಾರದು?"

ಅವನು ಹೇಳಿದ: "ನೂರು ಗಂಟಲು."

"ಏನು?"

"ಹಾಗೇ ಕರೆಯೋದು ನಾವು. ಡಬ್ಬಿಂಗ್ ಮಾಡೋಳು. ಮುದುಕಿ, ಮಗು, ಬಸುರಿ, ಬಾಣಂತಿ, ಯಾವ ದನಿ ಬೇಕಾದ್ರೂ ಎತ್ತುತ್ತಾಳೆ. ಕರೆ ಮಾಡೋರೆಲ್ಲ ಅವಳೇ." ಅವನು ಪರದೆಯತ್ತ ಕೈ ತೋರಿಸಿದ. "ಆದ್ರೆ ಅವಳು ಆವತ್ತು ಡಬ್ಬಿಂಗ್ ರೂಮಲ್ಲಿ ಕೂತು ನೇರವಾಗಿ ಮಾತಾಡಿದ್ದು ನನಗೆ ಗೊತ್ತಿರಲಿಲ್ಲ ಮೇಡಂ. ದೇವರಾಣೆಗೂ ಗೊತ್ತಿರಲಿಲ್ಲ."

*

ಕಾರಿಡಾರಿನಲ್ಲಿ ಏಣಿ, ಬಣ್ಣದ ಡಬ್ಬ, ಗೋಣಿಚೀಲ. ಇಬ್ಬರು ಆಳುಗಳು ಗಾಜಿನ ಮೇಲಿದ್ದ ಚಾನೆಲ್ಲಿನ ಹಳೆಯ ಗುರುತನ್ನು, ರೆಕ್ಕೆ ಬಿಚ್ಚಿದ ಬಿಳಿ ಕೊಕ್ಕರೆಯನ್ನು, ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಒಂದು ರೆಕ್ಕೆ ಮಾತ್ರ ಉಳಿದಿತ್ತು. ಪಕ್ಕದಲ್ಲಿ ಹೊಸ ಗುರುತು ಕಾಯುತ್ತಿತ್ತು: ಕಿವಿಯಿಂದ ಕಿವಿಗೆ ಹಲ್ಲು ಕಿರಿದ ಕಿತ್ತಳೆ ಬಣ್ಣದ ಬಾಯಿ.

ಇವತ್ತು ಸಂಜೆ ಚಾನೆಲ್ಲಿಗೆ ಹೊಸ ಹೆಸರು. ನಾಳೆಯಿಂದ ವಾರ್ತೆ ಇಲ್ಲ, ನಾಟಕ ಇಲ್ಲ, ಮಕ್ಕಳ ಕಾರ್ಯಕ್ರಮ ಇಲ್ಲ. ಬೆಳಗಿನಿಂದ ರಾತ್ರಿಯವರೆಗೆ ಹೊತ್ತು ಕೊಂಡವರ ಸರಕು ಮಾತ್ರ: ಟಾನಿಕ್ಕು, ಹಾಸಿಗೆ, ಕೂದಲೆಣ್ಣೆ, ಅದೃಷ್ಟದ ಹರಳು. ಹೆಚ್ಚು ಹೊತ್ತು ಕೊಂಡವನು ಟಾನಿಕ್ ಸಾಹುಕಾರ. ಅಕ್ಕನ ಮುಖ ಇರಬೇಕು ಎಂಬುದು ಅವನ ಷರತ್ತು.

"ಮೇಡಂ, ಒಂದು ನಿಮಿಷ!"

ಯಜಮಾನ ಓಡೋಡಿ ಬಂದ. ಚಾನೆಲ್ಲಿನ ಈ ಯಜಮಾನ ಬೇರೆ ಯಾರೂ ಅಲ್ಲ, ವಾರ್ತೆ ಅಕ್ಕನ ಒಡಹುಟ್ಟಿದ ತಮ್ಮ. ಅಪ್ಪ ಕಟ್ಟಿದ ಚಾನೆಲ್ಲು ಮಗನ ಕೈಯಲ್ಲಿ ಮುಳುಗುತ್ತಾ ಬಂದಿತ್ತು. ನೋಡುವವರು ಕಡಿಮೆಯಾದರು, ಜಾಹೀರಾತು ನಿಂತಿತು. ಈಗ ಅವನು ಹೆಸರು, ಗುರುತು, ಹೊತ್ತು ಎಲ್ಲವನ್ನೂ ಮಾರಿ ಹಡಗನ್ನು ದಡಕ್ಕೆಳೆಯಲು ಹೊರಟಿದ್ದ. ಹೊಸ ಕೋಟಿಗೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

"ಸಂಜೆ ಸಮಾರಂಭ ಇದೆ. ಸ್ಟುಡಿಯೋ ಬಿಟ್ಟುಕೊಟ್ರೆ ಅಲಂಕಾರ ಶುರು ಮಾಡ್ತಾರೆ."

"ನಿಮ್ಮಕ್ಕ ಆಸ್ಪತ್ರೇಲಿದ್ದಾರೆ."

"ನನಗೆ ಗೊತ್ತಿಲ್ವಾ ಮೇಡಂ?" ಅವನ ಕಣ್ಣಾಲಿಗಳು ತುಂಬಿದವು. ನಿಜವಾಗಿಯೂ ತುಂಬಿದವು, ಅದೇ ಅವಳಿಗೆ ಕಿರಿಕಿರಿ. "ಅಮ್ಮ ಹೋದ್ಮೇಲೆ ನನ್ನನ್ನ ಎತ್ತಿ ಆಡಿಸಿದೋಳು ಅವಳು. ಆದ್ರೆ ಈ ಸಂಜೆ ತಪ್ಪಿದ್ರೆ ಸಾಹುಕಾರ ಕೈ ಎತ್ತಿಬಿಡ್ತಾನೆ. ಉಳಿದಿರೋ ಜನಾನೂ ಬೀದಿಗೆ ಬೀಳ್ತಾರೆ."

"ಅಕ್ಕ ಬಿದ್ದಾಗ ನೀವೆಲ್ಲಿದ್ರಿ?"

"ಕಂಟ್ರೋಲ್ ರೂಮಲ್ಲಿ."

"ಪ್ರಸಾರ ಯಾಕೆ ನಿಲ್ಲಿಸಲಿಲ್ಲ?"

"ಬಾಯೇ ಬರಲಿಲ್ಲ ಮೇಡಂ. ಕೈಕಾಲು ತಣ್ಣಗಾಯ್ತು."

"ಸರಿ, ಆವತ್ತು ಬಾಯಿ ಬರಲಿಲ್ಲ. ನಿನ್ನೆ ದಿನವಿಡೀ ಅದೇ ತುಣುಕನ್ನ ತಿರುಗಾಮುರುಗಾ ತೋರಿಸಿದ್ರಲ್ಲ, ಆಗ?"

ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಜನ ಕೇಳ್ತಿದ್ರು. ಎಷ್ಟೋ ವರ್ಷ ಆದ್ಮೇಲೆ ಊರೆಲ್ಲ ನಮ್ಮ ಚಾನೆಲ್ ನೋಡಿತು ಮೇಡಂ..." ಎಂದವನು ಆಡಿದ ಮಾತು ತನ್ನ ಕಿವಿಗೇ ಬಿದ್ದಂತೆ ನಾಲಿಗೆ ಕಚ್ಚಿಕೊಂಡ.

ಇನ್ಸ್‌ಪೆಕ್ಟರಮ್ಮ ಅವನ ಮುಖವನ್ನು ನೋಡುತ್ತಲೇ ಇದ್ದಳು. ಮುಳುಗುವ ಚಾನೆಲ್ಲಿಗೆ ಅಕ್ಕ ನಿಂತಾಗ ತರದ ಜನವನ್ನು ಬಿದ್ದು ತಂದಿದ್ದಳು. ಅದರಿಂದ ಲಾಭ ಆದದ್ದು ಇವನಿಗೇ. ಆದರೆ "ಇಷ್ಟು ಬೇಗನಾ" ಎಂದ ದನಿ ಇವನದಲ್ಲ.

"ಡಬ್ಬಿಂಗ್ ರೂಮ್ ಎಲ್ಲಿ?"

ಅವನು ಕಾರಿಡಾರಿನ ಕೊನೆಗೆ ಬೆರಳು ತೋರಿಸಿದ.

*

ಒಳಗೆ ಹೆಜ್ಜೆ ಇಟ್ಟೊಡನೆ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ಗೋಡೆಗಳಿಗೆಲ್ಲ ಸ್ಪಂಜು. ಕಾರಿಡಾರಿನ ಕೆರೆತ, ಬಡಿತ ಒಂದೂ ಕೇಳುತ್ತಿರಲಿಲ್ಲ.

ಮೈಕಿನ ಮುಂದೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಅಕ್ಕನದೇ ವಯಸ್ಸು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹದಿಹರೆಯದ ಹುಡುಗಿಯ ದನಿಯಲ್ಲಿ, "ನಿಮ್ಮ ಮನೆ ಬಾಗಿಲಿಗೇ ಸಂತೋಷ!" ಎಂದು ಸಂಜೆಯ ಘೋಷಣೆ ಓದುತ್ತಿದ್ದಳು. ಸಮವಸ್ತ್ರ ಕಂಡೊಡನೆ ನಿಲ್ಲಿಸಿದಳು.

ಇನ್ಸ್‌ಪೆಕ್ಟರಮ್ಮ ಬಾಗಿಲು ಹಾಕಿಕೊಂಡು ಎದುರಿನ ಸ್ಟೂಲ್ ಎಳೆದು ಕೂತಳು.

"ಇಷ್ಟು ಬೇಗನಾ ಅಂದ್ರಲ್ಲ, ಅದರ ಅರ್ಥ ಏನು?"

"ಏನಮ್ಮಾ ತಾಯಿ, ನನಗೆ ಕಿವಿ ಮಂದ," ಎಂದಳು ನೂರು ಗಂಟಲು ಹಲ್ಲಿಲ್ಲದ ಮುದುಕಿಯ ದನಿಯಲ್ಲಿ. ಅಭ್ಯಾಸಬಲ. ನಗಿಸಿ ಜಾರಿಕೊಳ್ಳುವ ಹವಣಿಕೆ.

"ಅದೇ ಮುದುಕಿ. ಮೂರನೇ ಕರೆ. ನಾನು ಈಗ್ತಾನೆ ಕೇಳಿಸಿಕೊಂಡು ಬಂದೆ."

ಅವಳ ನಗು ಮಾಯವಾಯಿತು.

"ನಿಮ್ಮ ಸ್ವಂತ ದನೀಲಿ ಮಾತಾಡಿ," ಎಂದಳು ಇನ್ಸ್‌ಪೆಕ್ಟರಮ್ಮ. "ಇಲ್ಲ ಅಂದ್ರೆ ಠಾಣೇಲಿ ಮಾತಾಡ್ತೀರಿ."

ಸ್ವಂತ ದನಿ ಸಣ್ಣದಾಗಿತ್ತು, ಒಡಕಾಗಿತ್ತು. "ಗಾಬರೀಲಿ ಏನೋ ಅಂದಿರಬಹುದು. ಎದುರಿನ ಟಿವೀಲಿ ಒಬ್ಬರು ಬಿದ್ದಿದ್ದು ಕಂಡ್ರೆ ಅಯ್ಯೋ ಅನ್ನಲ್ವಾ?"

"ಅಯ್ಯೋ ಅಂತೀವಿ. ಇಷ್ಟು ಬೇಗನಾ ಅನ್ನಲ್ಲ. ಅಕ್ಕ ಬೀಳ್ತಾರೆ ಅಂತ ನಿಮಗೆ ಗೊತ್ತಿತ್ತು. ಯಾವಾಗ ಬೀಳಬೇಕು ಅನ್ನೋದೂ ಗೊತ್ತಿತ್ತು."

ನೂರು ಗಂಟಲು ಮಫ್ಲರಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನೀವೂ ಇಲ್ಲಿ ವಾರ್ತೆ ಓದ್ತಿದ್ರಂತೆ," ಎಂದು ಮುಂದುವರಿಸಿದಳು ಇನ್ಸ್‌ಪೆಕ್ಟರಮ್ಮ. "ಅಕ್ಕ ಒಂದು ದಿನ, ನೀವು ಒಂದು ದಿನ. ಆಮೇಲೆ ಕುರ್ಚಿ ಅವರೊಬ್ಬರದೇ ಆಯ್ತು. ನಿಮಗೆ ಈ ಕತ್ತಲೆ ಗೂಡು. ಅವರಿಗೆ ಊರೆಲ್ಲ ಕೈ ಮುಗೀತು, ನಿಮ್ಮ ಹೆಸರು ಯಾರಿಗೂ ನೆನಪಿಲ್ಲ."

"ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ." ಅವಳು ತಲೆ ಎತ್ತಿದಳು. "ಎಷ್ಟೋ ದಿನ ಇತ್ತು. ಆದ್ರೆ ನನ್ನ ಗಂಡ ಸತ್ತಾಗ ಮನೆಗೆ ಬಂದು ನೆಲ ಒರೆಸಿ, ಮಕ್ಕಳಿಗೆ ಉಣ್ಣಿಸಿ ಹೋದೋಳೂ ಅವಳೇ. ಅವಳನ್ನ ಕೊಲ್ತೀನಾ ಮೇಡಂ?"

"ಹಾಗಾದ್ರೆ ಹೇಳಿ."

ನೂರು ಗಂಟಲು ಮುಂದಿದ್ದ ಮೈಕನ್ನು ಆರಿಸಿದಳು.

"ಹೋದ ತಿಂಗಳು ಒಬ್ಬ ಹೆಣ್ಣುಮಗಳು ಗೇಟಿಗೆ ಬಂದಿದ್ಲು. ಕೈಯಲ್ಲಿ ಅವಳಪ್ಪನ ಫೋಟೋ. ಅಕ್ಕ ಟಿವೀಲಿ ಹೇಳಿದ್ಲು ಅಂತ ಆ ಮನುಷ್ಯ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಈ ಟಾನಿಕ್ ಕುಡಿದಿದ್ದ. ಕಾಲು ಕೊಳೀತು, ಕತ್ತರಿಸಿದ್ರು. ಆಮೇಲೆ ಜೀವಾನೂ ಹೋಯ್ತು. ಆ ಹುಡುಗಿ ಬೈಲಿಲ್ಲ ಮೇಡಂ. 'ನಮ್ಮಪ್ಪ ನಿಮ್ಮನ್ನ ಸ್ವಂತ ಅಕ್ಕ ಅಂದ್ಕೊಂಡಿದ್ರು' ಅಂತ ಅಷ್ಟೇ ಅಂದು ಹೋದ್ಲು. ಅವತ್ತಿಂದ ಅಕ್ಕನಿಗೆ ಅನ್ನ ಇಳೀಲಿಲ್ಲ."

"ತಮ್ಮನಿಗೆ ಹೇಳಲಿಲ್ವಾ?"

"ಹೇಳಿದ್ಲು. ಕಾಲು ಹಿಡಿಯೋದೊಂದು ಬಾಕಿ. ಈ ಒಂದು ವರ್ಷ ತಡ್ಕೋ ಅಕ್ಕ ಅಂದ. ಸಾಹುಕಾರನ ಹತ್ರಾನೂ ಹೋದ್ಲು. ಅವನು ನಕ್ಕ. ನಿಮ್ಮ ಮುಖ ನಾನು ಕೊಂಡಾಗಿದೆ ಅಂದನಂತೆ."

"ಟಿವೀಲೇ ನಿಜ ಹೇಳಿಬಿಡಬಹುದಿತ್ತಲ್ಲ?"

"ಮಾತಾಡಿದ್ರೆ ಕತ್ತರಿಸ್ತಾರೆ ಮೇಡಂ. ಒಂದು ಗುಂಡಿ ಒತ್ತಿದ್ರೆ ಮುಗೀತು, ಕೂದಲೆಣ್ಣೆ ಜಾಹೀರಾತು ಬರುತ್ತೆ." ಅವಳು ಮುಂದಕ್ಕೆ ಬಾಗಿದಳು. "ಬಿದ್ರೆ ಕತ್ತರಿಸಲ್ಲ. ಬಿದ್ದೋರನ್ನ ಯಾವ ಕ್ಯಾಮೆರಾನೂ ಬಿಡಲ್ಲ. ನಾವು ಇಷ್ಟು ವರ್ಷ ಇಲ್ಲಿ ಕಲಿತಿರೋದು ಅದೊಂದೇ."

ಇನ್ಸ್‌ಪೆಕ್ಟರಮ್ಮ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. "ನಾಟಕ."

"ನಾಟಕ. ಮೂರನೇ ಕರೇಲಿ ನಾನು ಆ ಸತ್ತೋನ ಹೆಂಡತಿ ಥರ ಮಾತಾಡಬೇಕು. ಟಾನಿಕ್ ನಂಬಿ ಗಂಡ ಹೋದ ಅಂತ ಅಳಬೇಕು. ರೆಕಾರ್ಡ್ ಮಾಡಿದ್ದನ್ನ ಹಾಕಿದ್ರೆ ಅದು ಆಗಲ್ವಲ್ಲ, ಅದಕ್ಕೇ ನಾನೇ ಇಲ್ಲಿ ಕೂತು ನನ್ನ ಮೈಕಿನ ದನಿ ಹೋಗೋ ಹಾಗೆ ತಂತಿ ಬದಲಾಯಿಸಿದ್ದೆ. ನನ್ನ ಮಾತು ಮುಗಿದ ಮೇಲೆ ಅವಳು ಎದೆ ಹಿಡ್ಕೊಂಡು ಬೀಳಬೇಕು. ಬೀಳ್ತಾ 'ಇದನ್ನ ಯಾರೂ ಕುಡೀಬೇಡಿ' ಅನ್ನಬೇಕು. ಅಷ್ಟೇ ಇದ್ದಿದ್ದು."

"ಆದ್ರೆ ನಿಮ್ಮ ಮಾತು ಶುರು ಆಗೋ ಮೊದಲೇ ಬಿದ್ರು."

"ಹಲೋ ಅಂದೆ, ಬಿದ್ಲು. ಪಾಠ ಮರೆತು ಮೊದಲೇ ಬಿದ್ಬಿಟ್ಲಲ್ಲ ಅಂತ ಸಿಟ್ಟು ಬಂತು." ಅವಳು ನಗಲು ನೋಡಿದಳು. "ಆಸ್ಪತ್ರೇಲೂ ಎಷ್ಟು ಚೆನ್ನಾಗಿ ಮಾಡ್ತಿದಾಳೆ, ಡಾಕ್ಟರೂ ನಂಬಿದಾರೆ ಅಂತ... ಇವತ್ತೋ ನಾಳೆಯೋ ಎದ್ದು ಕೂತು ನಿಜ ಹೇಳ್ತಾಳೆ ಅಂತ ಕಾಯ್ತಾ ಇದೀನಿ."

"ಅವರ ರಕ್ತದಲ್ಲಿ ನಿದ್ದೆ ಮಾತ್ರೆ ಸಿಕ್ಕಿದೆ. ಇನ್ನೊಂದಿಷ್ಟು ಜಾಸ್ತಿ ಆಗಿದ್ರೆ ಏಳ್ತಾನೇ ಇರಲಿಲ್ಲ."

ನೂರು ಗಂಟಲಿನ ಬಾಯಿಂದ ಯಾವ ದನಿಯೂ ಹೊರಡಲಿಲ್ಲ. ಮುದುಕಿಯದೂ ಇಲ್ಲ, ಮಗುವಿನದೂ ಇಲ್ಲ, ತನ್ನದೂ ಇಲ್ಲ.

"ನಾಟಕದಲ್ಲಿ ಮಾತ್ರೆ ಇತ್ತಾ?"

ಅವಳು ತಲೆ ಅಲ್ಲಾಡಿಸಿದಳು.

"ಈ ವಿಷಯ ಬೇರೆ ಯಾರಿಗೆ ಗೊತ್ತಿತ್ತು?"

"ನಮ್ಮಿಬ್ಬರಿಗೇ. ನನ್ನ ಮಕ್ಕಳಾಣೆ."

"ಫ್ಲಾಸ್ಕ್ ಎಲ್ಲಿ?"

ಒಂದು ಕ್ಷಣ. ಒಂದೇ ಕ್ಷಣ ಅವಳ ಕಣ್ಣು ಮೇಜಿನ ಕೆಳಗೆ ಹೋಗಿ ಬಂತು. ಇನ್ಸ್‌ಪೆಕ್ಟರಮ್ಮ ಬಗ್ಗಿದಳು. ಹಳೆಯ ತಂತಿಗಳ ಸುರುಳಿಯ ಹಿಂದೆ ಸ್ಟೀಲ್ ಫ್ಲಾಸ್ಕ್ ಗೋಡೆಗೆ ಒರಗಿ ಕೂತಿತ್ತು. ಕರವಸ್ತ್ರದಿಂದ ಹಿಡಿದು ಹೊರತೆಗೆದಳು. ಅಲುಗಾಡಿಸಿದಾಗ ತಳದಲ್ಲಿ ಉಳಿದ ನೀರು ಗುಳುಕ್ಕೆಂದಿತು.

"ಅವಳೇ ಇಟ್ಟು ಹೋದ್ಲು!" ನೂರು ಗಂಟಲು ಎದ್ದು ನಿಂತಳು. "ಸ್ಟುಡಿಯೋಗೆ ಹೋಗೋ ಮುಂಚೆ ಇಲ್ಲಿಗೆ ಬಂದು ನೀರು ಕುಡಿದ್ಲು. ಇಲ್ಲೇ ಇರಲಿ, ಆಮೇಲೆ ತಗೋತೀನಿ ಅಂದ್ಲು. ಅವಳ ವಸ್ತು ಅಂತ ಮುಟ್ಟಲಿಲ್ಲ ನಾನು."

"ಊರೆಲ್ಲ ಇದನ್ನ ಹುಡುಕ್ತಾ ಇದ್ದಾಗ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಹುಡುಕ್ತಿದ್ದೀರಿ ಅಂದ ತಕ್ಷಣ ಕೈಕಾಲು ಬಿತ್ತು. ನನ್ನ ಮೇಲೇ ಬರುತ್ತೆ ಅಂತ..."

"ಬಂದಿದೆ," ಎಂದಳು ಇನ್ಸ್‌ಪೆಕ್ಟರಮ್ಮ. ಅವಳೂ ಎದ್ದಳು. "ನಾಟಕ ಗೊತ್ತಿದ್ದೋರು ನೀವೊಬ್ಬರೇ. ಫ್ಲಾಸ್ಕ್ ಸಿಕ್ಕಿದ್ದು ನಿಮ್ಮ ಮೇಜಿನ ಕೆಳಗೆ. ಅಕ್ಕ ಸುಳ್ಳಾಗಿ ಬೀಳೋ ದಿನವೇ ನಿಜವಾಗಿ ಬಿದ್ರೆ ಯಾರ ಮೇಲೂ ಅನುಮಾನ ಬರಲ್ಲ ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ನಡೀರಿ ಠಾಣೆಗೆ."

ನೂರು ಗಂಟಲು ಮೈಕಿನ ಕಂಬ ಹಿಡಿದುಕೊಂಡು ನಿಂತಳು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಆದರೆ ದನಿ ನಡುಗಲಿಲ್ಲ. "ಬರ್ತೀನಿ ಮೇಡಂ. ಅದಕ್ಕೆ ಮುಂಚೆ ಒಂದ್ಸಲ ಅವಳನ್ನ ನೋಡಬೇಕು. ದೂರದಿಂದ ಸಾಕು."

ಇನ್ಸ್‌ಪೆಕ್ಟರಮ್ಮ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲ್ ನಡುಗಿತು. ದಫೇದಾರ. ಆಸ್ಪತ್ರೆಯಲ್ಲಿ ಅಕ್ಕನ ಕೋಣೆಯ ಬಾಗಿಲಿಗೆ ಅವಳು ಕಾವಲು ಹಾಕಿದ್ದ ಹಳೇ ಹುಲಿ.

"ಮೇಡಂ, ಇನ್ನೂ ಎಷ್ಟು ಹೊತ್ತು ಗೇಟಲ್ಲೇ ನಿಂತಿರಲಿ? ನೀವು ಕಳಿಸ್ತೀನಿ ಅಂದ ಲೇಡಿ ಕಾನ್‌ಸ್ಟೇಬಲ್ ಬರಲೇ ಇಲ್ಲ."

"ಯಾವ ಗೇಟು?" ಎಂದಳು. "ಕೋಣೆ ಬಾಗಿಲು ಬಿಟ್ಟು ಕದಲಬೇಡಿ ಅಂದಿದ್ನಲ್ಲ!"

"ಆಮೇಲೆ ನೀವೇ ಫೋನ್ ಮಾಡಿದ್ರಲ್ಲ ಮೇಡಂ, ವಾರ್ಡಿನ ಫೋನಿಗೆ. ನರ್ಸಮ್ಮ ಬಂದು ಕರೆದ್ಲು. ಕೆಳಗೆ ಗೇಟಿಗೆ ಹೋಗಿ ನಿಲ್ಲಿ, ನಿಮ್ಮ ಬದಲಿಗೆ ಹೆಣ್ಣು ಕಾನ್‌ಸ್ಟೇಬಲ್ ಬರ್ತಾಳೆ, ಅವಳನ್ನ ಮೇಲೆ ಕರ್ಕೊಂಡು ಬನ್ನಿ ಅಂದ್ರಿ."

"ನಾನು ಯಾರಿಗೂ ಫೋನ್ ಮಾಡಿಲ್ಲ."

"ದನಿ ನಿಮ್ಮದೇ ಮೇಡಂ." ದಫೇದಾರನ ಮಾತು ತೊದಲಿತು. "ಬೈದಿದ್ದೂ ನಿಮ್ಮ ಥರಾನೇ."

"ಯಾವಾಗ?"

"ಈಗ್ತಾನೆ. ಒಂದು ಹತ್ತು ನಿಮಿಷ ಆಗಿರಬೇಕು."

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ತಲೆ ಎತ್ತಿ ನೂರು ಗಂಟಲಿನ ಕಡೆ ನೋಡಿದಳು. ಯಾರ ದನಿಯನ್ನಾದರೂ ಎತ್ತಬಲ್ಲವಳು. ಆದರೆ ಹತ್ತು ನಿಮಿಷದ ಹಿಂದೆ ಅವಳು ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ, ತನ್ನ ಕಣ್ಣೆದುರೇ ಕೂತಿದ್ದಳು. ಫೋನ್ ಮುಟ್ಟಿರಲಿಲ್ಲ.

"ಮೇಲೆ ಓಡಿ!" ಎಂದು ಕಿರುಚಿದಳು. "ಫೋನ್ ಇಡಬೇಡಿ. ಓಡಿ!"

ಕಿವಿಯಲ್ಲಿ ಬೂಟಿನ ಸದ್ದು, ಮೆಟ್ಟಿಲು, ಏದುಸಿರು. ಯಾರಿಗೋ ಡಿಕ್ಕಿ ಹೊಡೆದ ಸದ್ದು, ಯಾರದೋ ಬೈಗುಳ. ಬಾಗಿಲು ಧಡಾರೆಂದಿತು.

"ದಫೇದಾರ್ರೇ?"

"ಹಾಸಿಗೆ ಖಾಲಿ ಮೇಡಂ."

"ಎಳೆದಾಡಿದ ಗುರುತು ಇದೆಯಾ?"

"ಇಲ್ಲ. ಹೊದಿಕೆ ಮಡಚಿ ಇಟ್ಟಿದೆ. ಕೈಗೆ ಚುಚ್ಚಿದ್ದ ಸೂಜಿ ಕಿತ್ತು ತಟ್ಟೇಲಿ ಇಟ್ಟಿದೆ. ಅವರ ಬಟ್ಟೆ, ಚಪ್ಪಲಿ ಯಾವುದೂ ಇಲ್ಲ. ನರ್ಸಮ್ಮ ತನ್ನ ಮೊಬೈಲೂ ಕಾಣ್ತಿಲ್ಲ ಅಂತಿದಾಳೆ."

ಇನ್ಸ್‌ಪೆಕ್ಟರಮ್ಮ ಫೋನನ್ನು ಕಿವಿಯಿಂದ ತೆಗೆಯದೆ ನೂರು ಗಂಟಲಿನ ಮುಂದೆ ಬಂದು ನಿಂತಳು. "ಅಕ್ಕನ ಕೋಣೆ ಬಾಗಿಲಲ್ಲಿದ್ದ ಕಾವಲನ್ನ ಯಾರೋ ನನ್ನ ದನೀಲಿ ಮಾತಾಡಿ ಎಬ್ಬಿಸಿದಾರೆ. ಈ ಕಸುಬು ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಬರುತ್ತೆ?"

ನೂರು ಗಂಟಲಿನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಏನೋ ಹೊಳೆದಂತೆ ಬೆಳಕು, ಅದರ ಬೆನ್ನಿಗೇ ಹೆದರಿಕೆ.

"ಒಬ್ಬರಿಗೇ ಕಲಿಸಿದ್ದೆ," ಎಂದಳು. "ವಯಸ್ಸಿದ್ದಾಗ, ಇಬ್ಬರೂ ಸುದ್ದಿ ತುಣುಕಿಗೆ ದನಿ ಕೊಡ್ತಿದ್ದಾಗ. ನನಗೆ ಗಂಟಲು ಕಟ್ಟಿದ್ರೆ ಅವಳು ನನ್ನ ದನೀಲಿ ಓದೋಳು, ಅವಳಿಗೆ ಕಟ್ಟಿದ್ರೆ ನಾನು. ಅವಳಪ್ಪನಿಗೇ ಗೊತ್ತಾಗ್ತಿರಲಿಲ್ಲ."

"ಯಾರಪ್ಪನಿಗೆ? ಯಾರ ಬಗ್ಗೆ ಹೇಳ್ತಿದೀರಿ?"

"ಅಕ್ಕನ ಬಗ್ಗೆ ಮೇಡಂ. ನೀವು ಕಾವಲು ಹಾಕಿದ್ರಲ್ಲ, ಅವಳ ಬಗ್ಗೇನೇ."

ಇವತ್ತು ಬೆಳಗ್ಗೆ ಆ ಹಾಸಿಗೆಯ ಪಕ್ಕದಲ್ಲೇ ನಿಂತು ದಫೇದಾರನನ್ನು ಬಾಯಿತುಂಬ ಬೈದದ್ದು ಇನ್ಸ್‌ಪೆಕ್ಟರಮ್ಮನಿಗೆ ನೆನಪಾಯಿತು. ಮಲಗಿದ್ದವಳ ಕಣ್ಣು ಮುಚ್ಚಿತ್ತು. ಉಸಿರು ಸಮವಾಗಿತ್ತು. ನಾಳೆಯವರೆಗೂ ಏಳುವುದಿಲ್ಲ ಎಂದಿದ್ದರು ಡಾಕ್ಟರು.

ಎಚ್ಚರವಾದವಳು ಪೊಲೀಸರನ್ನು ಕರೆಯದೆ ಪೊಲೀಸರಿಂದಲೇ ಯಾಕೆ ತಪ್ಪಿಸಿಕೊಂಡಳು? ಫ್ಲಾಸ್ಕಿಗೆ ಮಾತ್ರೆ ಹಾಕಿಕೊಂಡದ್ದೂ ಅವಳೇ ಏನು? ಎಲ್ಲಿಗೆ ಹೋದಳು?

"ಎಲ್ಲ ಗೇಟೂ ಮುಚ್ಚಿಸಿ," ಎಂದಳು ಫೋನಿನಲ್ಲಿ. "ಸ್ಟೇಷನ್ನಿಗೆ ತಿಳಿಸಿ. ಅಕ್ಕನ ಮುಖ ಊರಿಗೆಲ್ಲ ಗೊತ್ತು, ಹೆಚ್ಚು ದೂರ ಹೋಗಿರಲ್ಲ. ಕೇಳಿಸ್ತಾ?"

ದಫೇದಾರ ಏದುಸಿರಿನ ನಡುವೆ ಅಳುಕುತ್ತಾ ಕೇಳಿದ:

"ಮೇಡಂ... ಈಗ ಮಾತಾಡ್ತಿರೋದು ನೀವೇ ತಾನೆ?"